ಜೋಳದಲ್ಲಿ ಕೆಂಪು ಹರಳು

ರಾಜಬಿ ಚಾಚಿಗೆ, ನಿಮ್ಮ ಗೆಳತಿ ಶೇವಂತೆವ್ವನ ಮೊಮ್ಮಗಳ ನಮಸ್ಕಾರಗಳು.

ಇವತ್ತು ಬೆಳಿಗ್ಗೆ ಮೊರದಲ್ಲಿ ಕೆಂಪು ಹರಳುಗಳು ಕಂಡವು. ಎರೆಹೊಲದ ಕರಿಮಣ್ಣಲ್ಲಿ ಬೆಳೆದ ಜೋಳದಲ್ಲಿ ಕೆಂಪು ಹರಳು ಎಲ್ಲಿಂದ ಬರಬೇಕು? ಅದೂ ನಿಮ್ಮ ಶೇವಂತೆವ್ವ, ನಮ್ಮ ಆಯಿ, ನಿನ್ನೆಯಷ್ಟೇ ಹಸನು ಮಾಡಿಟ್ಟ ಜೋಳ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಆಯಿ ಗೇಟಿನ ಹೊರಗೆ ಬಗ್ಗಿ, ರಸ್ತೆಗೆ ಹಾಕಿದ ಕೆಂಪು ಹರಳಿನ ಗರಸನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ಒಳಗೆ ಬಂದು ಅದನ್ನು ಹಸನಾದ ಜೋಳಕ್ಕೆ ಸುರುವಿ ಕೈಯಾಡಿಸಿದಳು. ಅರ್ಧವನ್ನು ಇನ್ನೊಂದು ಮೊರಕ್ಕೆ ಹಾಕಿ ಎದುರಿಗೆ, ಯಾರೂ ಕೂತಿರದ ಕಡೆಗೆ ಸರಿಸಿದಳು. "ರಾಜಬಿ, ನಿನ್ನ ಕಣ್ಣಿಗೇನ್ ಪರದೆ ಬಂದೈತೇನ? ಇಷ್ಟ್ ದೊಡ್ಡ ಹರಳ ಬಿಟ್ಟೀದಿ" ಎಂದಳು. ತಲೆ ವಾಲಿಸಿ ಕಾದಳು. ಆಮೇಲೆ ನಕ್ಕಳು.

ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದು ನನಗೆ ತಿಳಿಯಲೇ ಇಲ್ಲ.

ಅವಳಿಗೆ ಕೇಳಿಸಿದ ಉತ್ತರ ಯಾವುದೆಂದು ನನಗೆ ಗೊತ್ತು, ಚಾಚಿ. ಹಳೆಯ ಓಣಿಯಲ್ಲಿ ನಿಮ್ಮ ಕಟ್ಟೆಯ ಮೇಲೆ ಕೂತು ನೀವು ಅದನ್ನೇ ಹೇಳುತ್ತಿದ್ದಿರಿ: "ನಿನ್ನ ಹಲ್ಲ ಹೆಂಗೂ ಉದುರ್ಯಾವಲ್ಲ, ಹರಳ ಇದ್ರೇನ್, ಬಿಟ್ರೇನ್."

ಹೋದ ವರ್ಷ ಈ ಹೊಸ ಬಡಾವಣೆಗೆ ಬಂದಾಗ ಅಪ್ಪ, "ಇಲ್ಲಿ ಗದ್ದಲಿಲ್ಲ, ಧೂಳಿಲ್ಲ, ಅವ್ವ ಆರಾಮ ಇರ್ತಾಳ" ಎಂದಿದ್ದರು. ನಾನೂ ಹಾಗೇ ನಂಬಿದ್ದೆ. ಬಂದ ವಾರವೇ ಆಯಿ ವಾಟಗ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಿದ್ದಳು. ಆ ಮನೆಯಾಕೆ ಒಳ್ಳೆಯವರು. ಗೇಟಿನಲ್ಲೇ ಒಂದು ಮೊಸರಿನ ಪಾಕೀಟು ಕೊಟ್ಟು ಕಳಿಸಿದರು. ನಮ್ಮ ಮನೆಯಲ್ಲಿ ಹೆಪ್ಪು ಇತ್ತು, ಚಾಚಿ. ಆಯಿ ಆಮೇಲೆ ಯಾರ ಗೇಟಿಗೂ ಹೋಗಲಿಲ್ಲ. ಮನೆಯಲ್ಲೂ ಮಾತು ಕಡಿಮೆಯಾಯಿತು. ವಯಸ್ಸಾಯಿತೆಂದು ಎಲ್ಲರೂ ಸುಮ್ಮನಾದೆವು.

ಫೋನಿನಲ್ಲಿ ಇದನ್ನೆಲ್ಲ ಹೇಳಲು ನನ್ನಿಂದಾಗುವುದಿಲ್ಲ. ಈ ಕಾಗದವನ್ನು ನಿಮ್ಮ ಮಗ ಮಂಜೂರಣ್ಣ ಓದಿ ಹೇಳಲಿ. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮೊದಲು ವಿಜಯಪುರದ ಡಾಕ್ಟರ ಹೆಸರು ತೆಗೆಯುತ್ತಾರೆ. ಅಲ್ಲಿಗೂ ಹೋಗೋಣ. ಆದರೆ ಅದಕ್ಕಿಂತ ಮೊದಲು, ಸೋಮವಾರ ಅಪ್ಪ ಕೆಲಸಕ್ಕೆ ಹೋದ ಮೇಲೆ, ಹಸನು ಮಾಡದ ಜೋಳದ ಚೀಲದೊಂದಿಗೆ ಆಯಿಯನ್ನು ಆಟೋದಲ್ಲಿ ನಿಮ್ಮ ಕಟ್ಟೆಗೆ ಕರೆತರುತ್ತೇನೆ. ಮರುದಿನವೂ ಕರೆತರುತ್ತೇನೆ. ನನ್ನ ಓದು ನಿಮ್ಮ ಮೆಟ್ಟಿಲ ಮೇಲೂ ಆಗುತ್ತದೆ. ಅವಳ ಎದುರಿಗೆ ನೀವು ಕೂತುಕೊಳ್ಳಿ. ಅವಳು ಬೈದರೆ ನೀವೂ ಬೈಯಿರಿ.

ನಿಮ್ಮ ಕಣ್ಣು ಹೇಗಾದರೂ ಇರಲಿ, ನಾಲಿಗೆ ಮಾತ್ರ ಚೂಪಾಗಿಯೇ ಇರಲಿ, ಚಾಚಿ.

ನಿಮ್ಮ ಕಟ್ಟೆಯ ಮೇಲೆ ಬೆಳೆದ,
ಭಾಗ್ಯಜ್ಯೋತಿ
ಮುದ್ದೇಬಿಹಾಳ