ಹರಸದ ದ್ರಾಕ್ಷಿ

ಢಾಕಾ, ಆಗಸ್ಟ್ ಮೊದಲ ವಾರ

ಪೂಜ್ಯ ಫಾದರ್ ವಾರ್ತಾನ್ ಅವರಿಗೆ,

ಇಲ್ಲಿ ಉಳಿದಿರುವ ಅರ್ಮೇನಿಯನ್ ನಾನೊಬ್ಬಳೇ, ಒಬ್ಬಳಿಗೋಸ್ಕರ ಕಲ್ಕತ್ತೆಯಿಂದ ಬರುವುದು ಕಷ್ಟ ಎಂದು ಬರೆದಿದ್ದೀರಿ. ಸರಿ. ಆದರೆ ಮಾತೆ ಮರಿಯಳ ಹಬ್ಬದ ದಿನ ಪಾದ್ರಿಗಳು ಹರಸುವ ತನಕ ನಮ್ಮವರು ದ್ರಾಕ್ಷಿ ಬಾಯಿಗಿಡುವುದಿಲ್ಲ, ನಿಮಗೇ ಗೊತ್ತು.

ಪ್ರತಿ ಹಬ್ಬಕ್ಕೂ ನೀವು ಹರಸಿದ ದ್ರಾಕ್ಷಿಯನ್ನು ಚರ್ಚಿನ ಜಗಲಿಯಲ್ಲಿರುವ ಅಪ್ಪ ಅಮ್ಮನ ಗೋರಿಕಲ್ಲಿನ ಮೇಲಿಡುತ್ತಿದ್ದೆ. ಬೆಳಗಾಗುವಷ್ಟರಲ್ಲಿ ತಟ್ಟೆ ಖಾಲಿ. "ಕಾಗೆ ತಿಂತವೆ ಮೇಮ್‌ಸಾಬ್, ಇನ್ಯಾರು ಬರ್ತಾರೆ?" ಎಂದು ಕಾವಲುಗಾರ ಕಾಸಿಮ್ ನಗುತ್ತಿದ್ದ.

ಹೋದ ವರ್ಷ ನೀವು ಬರಲಿಲ್ಲ. ಹರಸದೆಯೇ ಇಟ್ಟೆ. ವಾರ ಕಳೆದರೂ ಒಂದು ಹಣ್ಣೂ ಕದಲಲಿಲ್ಲ. ಕಾಸಿಮ್ ಈಗ ಆ ಜಗಲಿ ಗುಡಿಸಲು ಒಪ್ಪುವುದಿಲ್ಲ.

ಈ ಸಲವಾದರೂ ಬನ್ನಿ. ನನಗಾಗಿ ಬೇಡ. ನನಗೆ ಸಕ್ಕರೆ ಕಾಯಿಲೆ, ದ್ರಾಕ್ಷಿ ಬಿಟ್ಟು ವರ್ಷಗಳಾದವು.

ನಿಮ್ಮ ದಾರಿ ಕಾಯುವ,
ಸಿರಾನುಶ್ ಹಕೋಬ್