ನೀರುಕಾಗೆಗೆ ಮೀನೆಸೆಯಹೋದದ್ದು

ಮಗಳೇ, ನಿನ್ನಮ್ಮ ಚೆನ್ನಾಗಿದ್ದಾಳೆ, ನೀನೂ ಚೆನ್ನಾಗಿರು. ಕಾರ್ಡು ಚಿಕ್ಕದು, ಬಯ್ಯಲು ಜಾಗವಿಲ್ಲ, ನೀನು ಬಚಾವಾದೆ.

ಹುಡುಗಿ ಸೊರಗಿದ್ದಾಳೆ, ಆ ಹಕ್ಕಿ ಕೆಲಸ ಬಿಡಿಸಿ ಕರೆದುಕೊಂಡು ಬಾ ಎಂದು ನನ್ನನ್ನು ಅಟ್ಟಿದೆಯಲ್ಲ, ನಿನ್ನ ಮಗಳು ಸೊರಗಿಲ್ಲ, ಬಿಸಿಲಿಗೆ ಕಪ್ಪಾಗಿದ್ದಾಳೆ ಅಷ್ಟೇ. ಕೆರೆ ದಂಡೆಯಲ್ಲಿ ಕೊಕ್ಕರೆಯೇ ನಾಚುವಷ್ಟು ಅಲ್ಲಾಡದೆ ಕೂತು, ನೀರುಕಾಗೆ ಮುಳುಗಿ ಯಾವ ಮೀನು ತಂದಿತು, ಮರಿಗೆಷ್ಟು ಕೊಟ್ಟಿತು ಎಂದು ದುರ್ಬೀನಿನಲ್ಲಿ ನೋಡುತ್ತಾಳೆ. ಹಕ್ಕಿ ಕಕ್ಕಿದ ಮೀನುಮುಳ್ಳಿನ ಉಂಡೆ ಬಿಡಿಸಿ, ಚಿಮಟದಲ್ಲಿ ಒಂದೊಂದೇ ಮುಳ್ಳು ಆರಿಸುತ್ತಾಳೆ! ಮನೆಯಲ್ಲಿ ಈ ಮಹಾರಾಣಿಯ ತಟ್ಟೆಯ ಮುಳ್ಳು ನಾನೇ ತೆಗೆಯಬೇಕಿತ್ತು.

ನಿನ್ನೆ ಒಂದು ತಾಯಿಹಕ್ಕಿ ಒಂದೂ ಮೀನು ಸಿಗದೆ ಗೂಡಿಗೆ ಬಂದಿತು. ಮರಿಗಳ ಅರಚಾಟ ಕೇಳಲಾರದೆ, ಅಡುಗೆಗೆಂದು ಕೊಂಡ ಮೀನನ್ನೇ ನೀರಿಗೆ ಎಸೆಯಹೋದೆ. ನಿನ್ನ ಮಗಳು ನನ್ನ ಕೈ ಹಿಡಿದುಕೊಂಡಳು.

"ಬೇಡ ಅಜ್ಜಿ. ನೀನು ಹಾಕಿದ್ರೆ, ಈ ಕೆರೇಲಿ ಅವಕ್ಕೆ ಸಾಕಾಗೋಷ್ಟು ಮೀನಿದ್ಯೋ ಇಲ್ವೋ ಅಂತ ನನಗೆ ಗೊತ್ತಾಗೋದು ಹೇಗೆ?"

ಅವಳ ಕಣ್ಣಲ್ಲೂ ನೀರಿತ್ತು ಕಣೇ. ಆದರೂ ಕೈ ಬಿಡಲಿಲ್ಲ. ತಾಯಿಹಕ್ಕಿ ಮತ್ತೆ ಮುಳುಗಿತು.

ಊರಿಗೆ ಹೊರಡು ಎಂದು ನಾನು ಬಾಯಿಬಿಟ್ಟು ಹೇಳಲೇ ಇಲ್ಲ. ಮರಿಗಳು ಹಾರುವವರೆಗೆ ಅವಳು ಇಲ್ಲೇ ಇರಲಿ. ನನ್ನ ಮಂಡಿನೋವು ಪರವಾಗಿಲ್ಲ. ಶನಿವಾರ ಒಬ್ಬಳೇ ಬರುತ್ತೇನೆ, ಬಸ್‌ಸ್ಟ್ಯಾಂಡಿಗೆ ಬಾ. ಅಳುಮುಖ ಹೊತ್ತು ಬಂದರೆ ಅಲ್ಲೇ ನಾಲ್ಕು ಬಾರಿಸುತ್ತೇನೆ.

ನಿನ್ನಮ್ಮ