ಜನರಲ್‌ಗೆ ಹಾಕಿದ ಗಂಧದ ಹಾರ

ಅಪ್ಪಾ,

ಅಮೆರಿಕದ ಸನ್ನಿವೇಲಿನ ಈ ಮನೆಯಲ್ಲಿ ನಿನ್ನ ಟೇಬಲ್ಲು ನೀನು ಬಿಟ್ಟ ಹಾಗೇ ಇದೆ, ಒಂದು ಫೋಟೋ ಹೊರತು. ಅದನ್ನು ಬಟ್ಟೆಯಲ್ಲಿ ಸುತ್ತಿ ಗರಾಜಿನಲ್ಲಿಟ್ಟಿದ್ದೇನೆ. ಯಾಕೆ ಅಂತ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನೀನು ಅದನ್ನು ತಂದ ದಿನ ಚೆನ್ನಾಗಿ ನೆನಪಿದೆ. ಅದರಲ್ಲಿ, ಚೀನಾವನ್ನು ಕಮ್ಯುನಿಸ್ಟರಿಗೆ ಬಿಟ್ಟುಕೊಟ್ಟು ತೈವಾನಿಗೆ ಓಡಿ ಅಲ್ಲಿ ಆಳಿದ ನಿನ್ನ ರಾಷ್ಟ್ರವಾದಿ ಜನರಲ್. ಗುಂಡುತಲೆ, ಉದ್ದ ನಿಲುವಂಗಿ, ತೆಳು ನಗು. "ಇವನ ಚರಿತ್ರೆ ಬರೀತೀನಿ" ಅಂದೆ ನೀನು. ಕನ್ನಡದಲ್ಲಿ ಇದನ್ನ ಯಾರಪ್ಪಾ ಓದ್ತಾರೆ ಅಂತ ನಾನು ರೇಗಿಸಿದೆ. "ಜಪಾನಿನ ಸೈನ್ಯಕ್ಕೆ ಮಣಿಯದೆ ನಿಂತವನೂ ಇವನೇ, ಅದನ್ನ ತಡೆಯೋಕೆ ನದಿಯ ಕಟ್ಟೆ ಒಡೆಸಿ ತನ್ನ ರೈತರನ್ನೇ ಮುಳುಗಿಸಿದವನೂ ಇವನೇ ಕಣೇ. ಮುಖ ನೋಡ್ತಾ ಬರೆದರೆ ಯಾವುದನ್ನೂ ಬಿಡೋಕಾಗಲ್ಲ" ಅಂದಿದ್ದೆ.

ಪಕ್ಕದ ಬೀದಿಯ ಲಿನ್ ಅಂಕಲ್ ಜೊತೆ ವಾಕಿಂಗಿಗೆ ಹೋದವನು ಒಂದು ಬೆಳಗ್ಗೆ ಬಹಳ ತಡವಾಗಿ ಬಂದೆ. ಅವತ್ತು ಅವರು ಮೊದಲ ಸಲ ಬಾಯಿ ಬಿಟ್ಟಿದ್ದರು. ತೈವಾನಿನಲ್ಲಿ ಅವರ ಅಪ್ಪ ಶಾಲಾ ಮೇಷ್ಟರು. ಜನರಲ್‌ನ ಪೊಲೀಸರು ಕರೆದುಕೊಂಡು ಹೋದ ಮೇಲೆ ಅವರನ್ನು ಯಾರೂ ನೋಡಲಿಲ್ಲ. ಆಮೇಲೆ ಅಂಕಲ್ ಓದಲು ಅಮೆರಿಕಕ್ಕೆ ಬಂದರೆ ಇಲ್ಲೂ ಅಷ್ಟೇ, ಪಕ್ಕದಲ್ಲಿ ಕೂತು ಊಟ ಮಾಡಿದ ಗೆಳೆಯರೇ ಅದೇ ಪೊಲೀಸರಿಗೆ ವರದಿ ಕಳಿಸುತ್ತಿದ್ದರಂತೆ. ಹೆಂಡತಿಗೂ ಹೇಳದ್ದನ್ನು ನಿನಗೆ ಹೇಳಿದ್ದರು. ಇದಿಲ್ಲದೆ ಪುಸ್ತಕವೇ ಇಲ್ಲ ಅಂದೆ ನೀನು. ಆದರೂ ಅವರನ್ನು ಒಮ್ಮೆಯೂ ಮನೆಯೊಳಗೆ ಕರೆಯಲಿಲ್ಲ. ಆ ಫೋಟೋ ಇತ್ತಲ್ಲ, ಅದಕ್ಕೆ.

ನಿನ್ನ ವೈಕುಂಠ ಸಮಾರಾಧನೆಯ ದಿನ ನಾನು ಅಡುಗೆಯವರ ಹಿಂದೆ ಓಡಾಡುತ್ತಿದ್ದೆ. ಹಾಲ್‌ನ ಅಲಂಕಾರವೆಲ್ಲ ಮೈಸೂರಿನಿಂದ ಬಂದಿದ್ದ ಅತ್ತೆಯದು, ನಿನ್ನ ಮುದ್ದಿನ ತಂಗಿಯದು. ಹೋಗಿ ನೋಡಿದರೆ ನಿನ್ನ ಫೋಟೋ ಪಕ್ಕದಲ್ಲಿ, ನಿನಗಿಂತ ಒಂದು ಮಣೆ ಎತ್ತರದಲ್ಲಿ, ಜನರಲ್! ಹಣೆಗೆ ಕುಂಕುಮ, ಕೊರಳಿಗೆ ಗಂಧದ ಹಾರ, ಮುಂದೆ ದೀಪ. "ಅಣ್ಣನ ಟೇಬಲ್ ಮೇಲಿದ್ರು ಕಣೇ. ಯಾರೋ ಗುರುಗಳು. ಮುಖದಲ್ಲಿ ಎಂಥಾ ಶಾಂತಿ ನೋಡು!" ಅಂದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತೆಗೆಯೋಣ ಅಂತ ಕೈ ಚಾಚಿದೆ, ಅಷ್ಟರಲ್ಲಿ...

ಬಾಗಿಲಲ್ಲಿ ಲಿನ್ ಅಂಕಲ್ ನಿಂತಿದ್ದರು, ಕೈಯಲ್ಲಿ ಬಿಳಿ ಸೇವಂತಿಗೆ ಹಿಡಿದು. ಮುಖ ಬಿಳಿಚಿಕೊಂಡಿತ್ತು. ನಿಧಾನವಾಗಿ ಮುಂದೆ ಬಂದು, ಕೈಗಳನ್ನು ತೊಡೆಗೆ ಅಂಟಿಸಿ, ಮೂರು ಸಲ ಬಾಗಿದರು. ನಿನಗಲ್ಲ ಅಪ್ಪಾ, ಅವನಿಗೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕಲಿಸಿದ್ದಿರಬೇಕು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ನಿಮ್ಮ ತಂದೆಗೆ ಜನರಲ್ ಅಂದರೆ ಇಷ್ಟು ಗೌರವ ಅಂತ ಗೊತ್ತಿರಲಿಲ್ಲ. ನನಗೂ ಅಷ್ಟೇ" ಅಂದರು. ಊಟಕ್ಕೆ ನಿಲ್ಲಲಿಲ್ಲ. ಆ ನಗು ನೋಡಿ ನನಗೆ ಹೆದರಿಕೆಯಾಯಿತು.

ನಿನ್ನೆ ಅವರ ಮನೆಗೆ ಹೋಗಿದ್ದೆ. ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ ಮಾತಾಡಿದರು. ಅತ್ತೆಯ ಎಡವಟ್ಟು, ನಮ್ಮಲ್ಲಿ ಫೋಟೋಗಳಿಗೆ ಹಾರ ಹಾಕುವ ಪದ್ಧತಿ, ನಿನ್ನ ಪುಸ್ತಕ, ಎಲ್ಲವನ್ನೂ ಬಿಡಿಸಿ ಹೇಳಿದೆ. ಪ್ರತಿಯೊಂದಕ್ಕೂ ತಲೆಯಾಡಿಸಿದರು, ವಿಚಾರಣೆಗೆ ಬಂದವರ ಮುಂದೆ ಆಡಿಸುವ ಹಾಗೆ. ತೈವಾನಿನಲ್ಲೀಗ ಕಾಲ ಬದಲಾಗಿದೆ, ಅವನ ಪ್ರತಿಮೆಗಳನ್ನೇ ತೆಗೀತಿದಾರಲ್ಲ ಅಂಕಲ್ ಅಂದೆ. "ಬದಲಾಗಿದ್ದು ಮತ್ತೆ ಬದಲಾಗುತ್ತೆ" ಅಂದರು. ಆಮೇಲೆ, "ನಾನು ನಿಮ್ಮ ತಂದೆಗೆ ಹೇಳಿದ್ದು ತಪ್ಪು. ನಮ್ಮಪ್ಪ ಜ್ವರ ಬಂದು ತೀರಿಕೊಂಡರು. ಹಾಗೇ ಬರೆಯಿರಿ" ಅಂದರು. ಅವರ ಕಣ್ಣಿನಲ್ಲಿ ನೀನೂ ವರದಿ ಕಳಿಸುವವನೇ ಆಗಿಬಿಟ್ಟೆಯಲ್ಲ ಅಪ್ಪಾ!

ಜ್ವರ ಅಂತ ನಾನು ಬರೆಯಲ್ಲ. ಅವರು ಒಪ್ಪುವವರೆಗೆ ಅವರ ಅಪ್ಪನ ಬಗ್ಗೆ ನೀನು ಬರೆದ ಅಧ್ಯಾಯವನ್ನು ಅಚ್ಚಿಗೂ ಕೊಡಲ್ಲ. ನಾಳೆಯಿಂದ ನಿನ್ನ ವಾಕಿಂಗಿನ ಹೊತ್ತಿಗೆ ಅವರ ಮನೆ ಮುಂದೆ ಹೋಗಿ ನಿಲ್ಲುತ್ತೇನೆ, ಅವರು ಬಂದರೂ ಸರಿ, ಬರದಿದ್ದರೂ ಸರಿ. ಆದರೆ ಇನ್ನೊಂದು ವಿಷಯ ಹೇಳದೆ ಇರಲಾರೆ. ಅವರು ಬಾಗಿಲು ಮುಚ್ಚುವಾಗ ಹಿಂದಿನ ಗೋಡೆಯ ಮೇಲೊಂದು ಫೋಟೋ ಕಂಡಿತು. ಅದೇ ಗುಂಡುತಲೆ, ಅದೇ ತೆಳು ನಗು. ಮೊಳೆ ಹೊಡೆದಾಗ ಉದುರಿದ ಗೋಡೆಯ ಪುಡಿ ಇನ್ನೂ ನೆಲದ ಮೇಲೇ ಬಿದ್ದಿತ್ತು.